ಪಾಸ್ಕಲ್ ಸರ್ ಮತ್ತು ಅತ್ತಿಯ ಏಕಾದಶಿ

ಸರ್ ತೀರಿಹೋದರೆಂದು ಸವಣೂರಿನಿಂದ ಫೋನ್ ಬಂದ ದಿನ ನಾನು ಅತ್ತದ್ದು ನಿಜ. ಆದರೆ ಪೂರ್ತಿ ಅಳಲಾಗಲಿಲ್ಲ. ಅಳು ಬರುತ್ತಿರುವಾಗಲೇ ಅಕ್ಕಿಆಲೂರಿನ ಸಂತೆಯಲ್ಲಿ ಬದನೆಕಾಯಿ ಚೀಲ ಹಿಡಿದು ನಿಂತಿದ್ದ ಅವರ ಮುಖ ಕಣ್ಣಮುಂದೆ ಬಂತು. ಮನೆಯಲ್ಲಿ ಒಬ್ಬಳೇ ಇದ್ದೆ, ಜೋರಾಗಿ ನಕ್ಕುಬಿಟ್ಟೆ. ಆ ಮನುಷ್ಯನನ್ನು ನೆನೆಸಿಕೊಂಡು ಗಂಭೀರವಾಗಿ ಕೂರುವುದು ಅವರು ಬದುಕಿದ್ದಾಗಲೂ ನನಗೆ ಸಾಧ್ಯವಾಗಿರಲಿಲ್ಲ.

ಬದನೆಕಾಯಿಯ ಸಂಗತಿ ಹೇಳಿಯೇ ಮುಂದೆ ಹೋಗುತ್ತೇನೆ. ಎಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮದು ಆಗಿನ್ನೂ ಧಾರವಾಡ ಜಿಲ್ಲೆ. ಹಾನಗಲ್ಲಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವರೂ ನಾನೂ ಕಲಿಸುತ್ತಿದ್ದೆವು. ಅವರು ದಿನವೂ ಸವಣೂರಿನಿಂದ ಬರುವವರು. ಸಂಜೆ ಶಿಗ್ಗಾವಿಯ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿಗೆ ಊರು ಸೇರುವವರು. ನಾನು ಅಕ್ಕಿಆಲೂರಿನ ಒಕ್ಕಲುತನದ ಮನೆಯವಳು. ಒಂದು ದಿನ ರಜೆ ಹಾಕಿ ಅವ್ವನ ಜೊತೆ ಸಂತೆಗೆ ಹೋಗಿದ್ದೆ. ನೋಡಿದರೆ ಸರ್! ಮೈಮೇಲೆ ಕೋಟು, ಬಗಲಲ್ಲಿ ಪ್ರಿಂಟರಿನ ಉದ್ದನೆಯ ಕಾಗದದ ಮಡಿಕೆ, ಉಳ್ಳಾಗಡ್ಡಿ ರಾಶಿಯ ಪಕ್ಕ ದಿಕ್ಕು ತೋಚದೆ ನಿಂತಿದ್ದಾರೆ. ಪ್ರೋಗ್ರಾಮು ಓದುತ್ತ ಓದುತ್ತ ಶಿಗ್ಗಾವಿಯದೆಂದು ಅಕ್ಕಿಆಲೂರಿನ ಬಸ್ಸು ಹತ್ತಿಬಿಟ್ಟಿದ್ದರು. ಏನು ಸರ್ ಇಲ್ಲಿ ಎಂದು ನಾನು ಕೇಳಿದ್ದೇ ತಡ, ಸಂತೆ ಮಾಡಲು ಬಂದಿದ್ದೇನೆ ಎಂದರು. ಮಾತಿಗೆ ಪುರಾವೆ ಬೇಕಲ್ಲ, ನನ್ನೆದುರೇ ಒಂದು ಚೀಲ ಬದನೆಕಾಯಿ ತೂಗಿಸಿಕೊಂಡರು.

ಆಷಾಢದ ಏಕಾದಶಿ ಕಳೆದು ಕೆಲವೇ ದಿನಗಳಾಗಿದ್ದವು. ಸರ್ ಅವರದು ಮಾಧ್ವ ಮನೆತನ. ಆ ಏಕಾದಶಿಯಿಂದ ಒಂದು ತಿಂಗಳು ಅವರ ಮನೆಯಲ್ಲಿ ಕಾಯಿಪಲ್ಯ ವರ್ಜ್ಯ. ಇದು ನಮ್ಮವ್ವನಿಗೂ ಗೊತ್ತಿತ್ತು.

"ಈ ತಿಂಗಳ ನೀವು ಕಾಯಿಪಲ್ಲೆ ತಿನ್ನಂಗಿಲ್ಲಲ್ರಿ ಸರ್" ಎಂದಳು.

"ನಿಮಗಂತನ ತಗೊಂಡೇನ್ರಿ ಅವ್ವಾರ" ಎಂದು ಚೀಲವನ್ನು ಅವಳ ಕೈಗೆ ಕೊಟ್ಟು, ಬಂದ ಬಸ್ಸಿಗೇ ಹತ್ತಿ ಹೊರಟುಹೋದರು.

ಬೇರೆ ಯಾವುದಕ್ಕೂ ಸರ್ ಸುಳ್ಳು ಹೇಳುವವರಲ್ಲ. ತಮ್ಮಿಂದ ತಪ್ಪಾಯಿತು ಎನ್ನುವ ಮಾತು ಮಾತ್ರ ಅವರ ಬಾಯಿಂದ ಹೊರಬೀಳುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಅವರು ಹಿರೇಕೆರೂರಿನಲ್ಲಿ ಗಣಿತದ ಮಾಸ್ತರರಾಗಿದ್ದರು. ಶಿಗ್ಗಾವಿ ಬಸ್ಸಿನ ಕಂಡಕ್ಟರು ಆಗ ಅವರ ವಿದ್ಯಾರ್ಥಿ. ಅವನು ಟಿಕೆಟು ಹರಿಯುತ್ತಲೇ ನನಗೆ ಹೇಳಿದ ಪ್ರಸಂಗ ಇದು. ಸರ್ ಬೋರ್ಡಿನ ಮೇಲೆ ಬಿಡಿಸಿದ ಲೆಕ್ಕದ ಉತ್ತರ ಪುಸ್ತಕದ ಹಿಂದಿನ ಉತ್ತರಕ್ಕೆ ಹೊಂದಲಿಲ್ಲವಂತೆ. ಹುಡುಗರು ಗುಸುಗುಸು ಶುರುಮಾಡಿದರು. ಸರ್ ಪುಸ್ತಕ ನೋಡಿದರು, ಬೋರ್ಡು ನೋಡಿದರು, ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಆಮೇಲೆ ಉತ್ತರವನ್ನು ಹಾಗೆಯೇ ಬಿಟ್ಟು, ಮೇಲಿದ್ದ ಪ್ರಶ್ನೆಯನ್ನು ಅಳಿಸಿ ತಿದ್ದಿದರಂತೆ. ಲೆಕ್ಕ ಕೇಳಿದವರಿಗೆ ಸರಿಯಾಗಿ ಕೇಳಲು ಬಂದಿಲ್ಲ ಎಂದು ಹುಡುಗರಿಗೆ ಸಮಾಧಾನ ಹೇಳಿದರಂತೆ. ಕನ್ನಡಕ ಒರೆಸುವ ಅಭ್ಯಾಸ ನಮ್ಮ ಕಾಲಕ್ಕೂ ಉಳಿದಿತ್ತು. ಕೈ ಧೋತರದ ಅಂಚಿಗೆ ಹೋಯಿತೆಂದರೆ ಎಲ್ಲೋ ಎಡವಟ್ಟಾಗಿದೆ ಎಂದು ನಾವು ತಿಳಿದುಕೊಳ್ಳುತ್ತಿದ್ದೆವು.

ನಮ್ಮ ಕೇಂದ್ರವೆಂದರೆ ಬೀಜ ಗೊಬ್ಬರದ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆ. ಚಪ್ಪಲಿ ಮೆಟ್ಟಿಲ ಕೆಳಗೇ ಬಿಡಬೇಕು, ಕಂಪ್ಯೂಟರಿಗೆ ಧೂಳು ಆಗುವುದಿಲ್ಲ. ಗೊಬ್ಬರದ ವಾಸನೆ ಆಗಬಹುದೋ ಇಲ್ಲವೋ ಯಾರೂ ಕೇಳಿರಲಿಲ್ಲ. ಸರ್ ನೌಕರಿ ಬಿಟ್ಟು, ಮಾಸ್ತರರಿಗಾಗಿ ನಡೆಸಿದ ಯಾವುದೋ ರಜಾ ಶಿಬಿರದಲ್ಲಿ ಪಾಸ್ಕಲ್ ಭಾಷೆ ಕಲಿತು ಇಲ್ಲಿಗೆ ಬಂದಿದ್ದರು. ನಾನು ಹುಬ್ಬಳ್ಳಿಯಲ್ಲಿ ಸಿ ಭಾಷೆ ಕಲಿತವಳು. ಅವರ ಪಾಲಿಗೆ ಪಾಸ್ಕಲ್ ಬಿಟ್ಟರೆ ಕಂಪ್ಯೂಟರಿಗೆ ಬೇರೆ ಭಾಷೆಯೇ ಇರಲಿಲ್ಲ. ಹುಡುಗರು ಅವರಿಗೆ ಪಾಸ್ಕಲ್ ಸರ್ ಎಂದು ಹೆಸರಿಟ್ಟಿದ್ದರು. ಅವರಿಗದು ಬಿರುದಿನ ಹಾಗೆ ಹಿತವಾಗಿತ್ತು. ಪ್ರೋಗ್ರಾಮನ್ನು ಅವರು ಗಟ್ಟಿಯಾಗಿ, ರಾಗ ಹಿಡಿದು ಓದುತ್ತಿದ್ದರು. ಪಾಸ್ಕಲ್‌ನಲ್ಲಿ ಪೂರ್ಣವಿರಾಮ ಇಟ್ಟು ಪ್ರೋಗ್ರಾಮು ಮುಗಿಸಬೇಕು. ಅಲ್ಲಿಗೆ ಬಂದಾಗ ಕಣ್ಣು ಮುಚ್ಚಿ ತಲೆ ಬಾಗಿಸುವರು. ಕರೆಂಟು ಹೋದಾಗ ಜೇಬಿನಿಂದ ಸವಣೂರು ಖಾರದ ಪೊಟ್ಟಣ ತೆಗೆದು ಎಲ್ಲರಿಗೂ ಹಂಚುವರು. ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದವರಿಗೆ ಒಂದು ಹಿಡಿ ಹೆಚ್ಚು. ಸರ್ ಅವರದರಲ್ಲಿ ಹುಡುಕಿದವರಿಗೆ ಏನೂ ಇಲ್ಲ.

ನನ್ನ ಸಿ ಬಗ್ಗೆ ಅವರಿಗೆ ದೊಡ್ಡ ತಕರಾರು ಒಂದಿತ್ತು. ಪಾಸ್ಕಲ್‌ನಲ್ಲಿ ಯಾವ ಕೆಲಸಕ್ಕೆ ಎಷ್ಟು ಸಾಮಾನು, ಅಂದರೆ ಎಷ್ಟು ಸಂಖ್ಯೆ, ಕೊಡುತ್ತೀರಿ ಎಂಬುದನ್ನು ಮೊದಲೇ ಬರೆದಿಡಬೇಕು. ಮೂರು ಎಂದರೆ ಮೂರೇ. ಸಿ ಯಲ್ಲಿ ಹಾಗಿಲ್ಲ, ಬೇಕೆಂದರೆ ಒಮ್ಮೆ ಒಂದು, ಒಮ್ಮೆ ಐದು ಕೊಡಬಹುದು. ಕೆಲಸ ಮಾಡುವವನಿಗೆ ಎಲ್ಲಿಗೆ ಮುಗಿಯಿತು ಎಂದು ತಿಳಿಸುವ ಗುರುತೊಂದನ್ನು ಇಟ್ಟರಾಯಿತು.

"ಎಷ್ಟು ಮಂದಿ ಅಂತ ಹೇಳದ ಊಟಕ್ಕ ಬರೋ ಪೈಕಿ ನಿಮ್ಮ ಸಿ" ಎಂದು ಸರ್ ನನ್ನನ್ನು ಕಾಡುತ್ತಿದ್ದರು. ನಾನೂ ಸುಮ್ಮನಿರುತ್ತಿರಲಿಲ್ಲ. ಒಂದು ದಿನ ಅದೇ ಸಿ ಅವರಿಗೆ ಬೇಕಾಯಿತು.

ಬೇಕಾದದ್ದು ಅವರ ಅತ್ತಿಗಾಗಿ. ಅತ್ತಿ ಎಂದರೆ ಸರ್ ಅವರ ತಂದೆಯ ಅಕ್ಕ. ಸಣ್ಣ ವಯಸ್ಸಿನಲ್ಲಿ ತಾಯಿ ಕಳೆದುಕೊಂಡ ಸರ್ ಅವರನ್ನು ಸಾಕಿದವರು, ಅವರ ಜೊತೆಯಲ್ಲೇ ಇದ್ದವರು. ಎಂಬತ್ತರ ಮೇಲಾದರೂ ಏಕಾದಶಿಯ ದಿನ ಒಂದು ಹನಿ ನೀರೂ ಮುಟ್ಟುತ್ತಿರಲಿಲ್ಲ. ನೀರಾದರೂ ಕುಡಿಯಲಿ, ಇಲ್ಲದಿದ್ದರೆ ಒಂದು ದಿನ ಮಲಗಿದವರು ಏಳುವುದಿಲ್ಲ ಎಂದು ಡಾಕ್ಟರು ಹೆದರಿಸಿದ್ದರು. ಕಣ್ಣು ಮಂಜಾಗಿ ಪಂಚಾಂಗದ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಇವತ್ತು ಯಾವ ತಿಥಿ ಎಂದು ಮನೆಯವರನ್ನೇ ಕೇಳಬೇಕು. ಒಂದು ಏಕಾದಶಿಯಂದು ಸರ್ ಅವರ ಹೆಂಡತಿ ಮುದುಕಿಯ ಸಂಕಟ ನೋಡಲಾರದೆ, ಇವತ್ತಿನ್ನೂ ದಶಮಿ ಎಂದು ಹೇಳಿ ಅವಲಕ್ಕಿ ತಿನ್ನಿಸಿದರು. ಮರುದಿನ ಮಠದ ಕಡೆಯಿಂದ ಬಂದ ಯಾರೋ ಉಪವಾಸ ಬಿಡುವ ಪಾರಣೆಯ ಮಾತೆತ್ತಿದಾಗ ಗುಟ್ಟು ಹೊರಬಿತ್ತು. ಅತ್ತಿ ಜಗಳವಾಡಲಿಲ್ಲ. ಮನೆಯ ಹಿಂದಿನ ಹಟ್ಟಿಯಲ್ಲಿ ಕೂತು ಸಣ್ಣ ಮಗುವಿನ ಹಾಗೆ ಅತ್ತರಂತೆ. ಬುದ್ಧಿ ತಿಳಿದಾಗಿನಿಂದ ತಪ್ಪದ ಒಂದು ವ್ರತ, ಅದೂ ತನ್ನವರ ಕೈಯಿಂದ ತಪ್ಪಿತ್ತು. ಅಂದಿನಿಂದ ತಿಥಿಯ ವಿಷಯದಲ್ಲಿ ಅವರು ಮನೆಯಲ್ಲಿ ಯಾರನ್ನೂ ನಂಬದಾದರು. ಆ ಕಥೆ ಹೇಳಿ ಮುಗಿಸಿ ಸರ್ ತಮ್ಮ ಕುರ್ಚಿಯನ್ನು ನನ್ನ ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ತಂಗಿ, ಆಕಿ ತಾನ ಓದಿಕೊಳ್ಳೂಹಂಗ ದೊಡ್ಡ ಅಕ್ಷರದಾಗ ವರ್ಷದ ತಿಥಿ ಛಾಪಿಸಿ ಕೊಡಬೇಕು. ಯಾರನ್ನೂ ಕೇಳೂ ದೈನಾಸ ಆಕಿಗೆ ಬ್ಯಾಡ" ಎಂದರು.

ತಿಥಿಯ ಲೆಕ್ಕವನ್ನು ಅವರು ಆಗಲೇ ಪಾಸ್ಕಲ್‌ನಲ್ಲಿ ಮಾಡಿ, ಪಂಚಾಂಗದ ಜೊತೆ ತಾಳೆ ನೋಡಿ ಇಟ್ಟುಕೊಂಡಿದ್ದರು. ಆದರೆ ನಮ್ಮ ಪ್ರಿಂಟರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಗ್ರಾಫ್ ಕಾಗದದ ಮೇಲೆ ಚುಕ್ಕೆ ಚುಕ್ಕೆಯಾಗಿ ಬರೆದುಕೊಂಡು, ದಶಮಿ, ಏಕಾದಶಿ, ಉಪವಾಸ ಎಂಬ ಒಂದೊಂದು ಮಾತಿಗೂ ಒಂದೊಂದು ಸಂಖ್ಯೆ ಕೊಟ್ಟು, ಹೆಬ್ಬೆರಳಗಲದ ಅಕ್ಷರಗಳಲ್ಲಿ ಮುದ್ರಿಸುವುದನ್ನು ಸಿ ಯಲ್ಲಿ ಬರೆದೆ. ಒಂದು ದಿನಕ್ಕೆ ಬರಿಯ ತಿಥಿ ಇರಬಹುದು, ಇನ್ನೊಂದು ದಿನಕ್ಕೆ ತಿಥಿ, ಹಬ್ಬ, ಆರಾಧನೆ ಎಂದು ನಾಲ್ಕಾರು ಮಾತು ಬರಬಹುದು. ಹಾಗಾಗಿ ಎಷ್ಟು ಸಂಖ್ಯೆ ಕೊಟ್ಟರೂ ಮುದ್ರಿಸುತ್ತ ಹೋಗಿ, ಸೊನ್ನೆ ಸಿಕ್ಕ ಕೂಡಲೇ ನಿಲ್ಲುವಂತೆ ಮಾಡಿದೆ. ಇನ್ನು ಸರ್ ಅವರ ಪಾಸ್ಕಲ್ ನನ್ನ ಸಿ ಯನ್ನು ಕರೆದರೆ ಆಯಿತು.

ಅಲ್ಲಿ ತೊಡಕು ಶುರುವಾಯಿತು. ಪಾಸ್ಕಲ್ ತನ್ನ ಸಾಮಾನನ್ನು ಎಡದಿಂದ ಇಡುತ್ತ ಹೋದರೆ ಸಿ ತದ್ವಿರುದ್ಧ ಕಡೆಯಿಂದ ಎತ್ತಿಕೊಳ್ಳುತ್ತದೆ. ಆದ್ದರಿಂದ ಸರ್ ಪ್ರತಿ ಸಾಲನ್ನೂ ಹಿಂದುಮುಂದಾಗಿ ಬರೆಯಬೇಕಾಯಿತು: ಕೊನೆಯ ಗುರುತಾದ ಸೊನ್ನೆ ಮೊದಲು, ತಿಥಿ ಕೊನೆಗೆ. ಶ್ರೀಕಾರಕ್ಕಿಂತ ಮೊದಲೇ ಮಂಗಳ ಹಾಡಿದಂತಾಯಿತು ಎಂದು ಗೊಣಗಿದರು. ಸಂಖ್ಯೆ ಎಷ್ಟಾದರೂ ಇರಬಹುದೆಂಬುದನ್ನು ಪಾಸ್ಕಲ್ ಒಪ್ಪದು. ಅದಕ್ಕಾಗಿ ಎರಡಕ್ಕೆ ಒಂದು, ಮೂರಕ್ಕೆ ಒಂದು ಎಂದು ಅದೇ ಕೆಲಸಕ್ಕೆ ಬೇರೆ ಬೇರೆ ಹೆಸರು ಕೊಟ್ಟುಕೊಂಡೆವು. ಇಷ್ಟಾದ ಮೇಲೆ ಮುದ್ರಣ ಚೈತ್ರದಿಂದ ಚೆನ್ನಾಗಿ ಶುರುವಾಯಿತು. ಶ್ರಾವಣಕ್ಕೆ ಬಂದ ಹಾಗೆ ಕಂಪ್ಯೂಟರು ನಿಂತುಹೋಯಿತು. ಮತ್ತೆ ಹಚ್ಚಿದರೂ ಅಷ್ಟೇ, ಶ್ರಾವಣ ದಾಟದು. ಸರ್ ಕರೆಂಟನ್ನು ಬೈದರು, ಪ್ರಿಂಟರಿನ ರಿಬ್ಬನ್ನನ್ನು ಬೈದರು, ಸಿ ಯನ್ನಂತೂ ಬಿಡಲೇ ಇಲ್ಲ.

ನಿಜವಾದ ಕಾರಣ ಇಷ್ಟೇ. ಕೆಲಸ ಮುಗಿದ ಮೇಲೆ ಇಟ್ಟ ಸಾಮಾನನ್ನು ಯಾರು ತೆಗೆಯಬೇಕು ಎಂಬಲ್ಲಿ ಎರಡೂ ಭಾಷೆಗಳ ರೀತಿ ಬೇರೆ. ಪಾಸ್ಕಲ್‌ನಲ್ಲಿ ಕರೆಸಿಕೊಂಡವನೇ ತೆಗೆದು ಹೋಗುತ್ತಾನೆ, ನಮ್ಮ ಮನೆಯಲ್ಲಿ ಉಂಡವರು ತಮ್ಮ ತಾಟು ತಾವೇ ತೊಳೆದಿಡುವ ಹಾಗೆ. ಸಿ ಯಲ್ಲಿ ಕರೆದವನೇ ತೆಗೆಯಬೇಕು, ಯಾಕೆಂದರೆ ಎಷ್ಟು ಇಟ್ಟಿದ್ದೇನೆಂದು ಅವನೊಬ್ಬನಿಗೇ ಗೊತ್ತು. ಅದು ಸರ್ ಅವರ ಮನೆಯ ಪಂಕ್ತಿಯ ರೀತಿ. ಅಲ್ಲಿ ಬಂದವರು ಎಲೆ ಎತ್ತುವಂತಿಲ್ಲ, ಮನೆಯವರೇ ಎತ್ತುತ್ತಾರೆ. ಈಗ ಅವರ ಪಾಸ್ಕಲ್ ನನ್ನ ಸಿ ಎತ್ತಲೆಂದು ಕಾಯುತ್ತಿತ್ತು, ನನ್ನ ಸಿ ಅವರ ಪಾಸ್ಕಲ್ ಎತ್ತಲೆಂದು ಬಿಟ್ಟುಹೋಗುತ್ತಿತ್ತು. ದಿನದಿನದ್ದೂ ಹಾಗೇ ಉಳಿದು, ಶ್ರಾವಣದ ಹೊತ್ತಿಗೆ ಜಾಗ ತುಂಬಿಹೋಗುತ್ತಿತ್ತು.

ಇದನ್ನು ಹೇಳಿದಾಗ ಸರ್ ಮನಸಾರೆ ನಕ್ಕರು. ಮೇಜು ಕುಟ್ಟಿ ಕುಟ್ಟಿ ನಕ್ಕರು. ಸಂಖ್ಯೆಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಸಾಲಾಗಿ ತುಂಬಿ, ಡಬ್ಬಿ ಎಲ್ಲಿದೆ ಎಂಬುದನ್ನಷ್ಟೇ ಕೊಡೋಣ, ಆಗ ಪಾಸ್ಕಲ್ ಪ್ರತಿ ಸಲವೂ ಒಂದೇ ಒಂದು ಸಾಮಾನು ಕೊಟ್ಟಂತಾಗುತ್ತದೆ, ಲೆಕ್ಕದ ರಗಳೆ ಇರುವುದಿಲ್ಲ ಎಂದೆ. ಮುಂದೆ ನಾವು ಮಾಡಿದ್ದೂ ಅದನ್ನೇ. ಆದರೆ ಆಗ ಅವರು ಒಪ್ಪಲಿಲ್ಲ. ಇಷ್ಟು ದಿನ ಬರೆದದ್ದು ಸರಿಯಿಲ್ಲ ಎಂದ ಹಾಗಾಗುತ್ತದಲ್ಲ! ಅದರ ಬದಲು ಪ್ರತಿ ತಿಂಗಳನ್ನೂ ಬೇರೆ ಭಾಗವಾಗಿ ಮಾಡಿದರು. ತಿಂಗಳ ಭಾಗ ಮುಗಿದಾಗ ಅದರಲ್ಲಿ ಉಳಿದದ್ದೆಲ್ಲ ತಾನಾಗಿ ಹೋಗುತ್ತಿತ್ತು. ತಿಂಗಳಿಗೊಮ್ಮೆ ಕಸ ಹೊಡೆದರೆ ಸಾಕು, ದಿನಾ ಯಾಕೆ ಎಂಬುದು ಅವರ ವಾದ. ಅದರಿಂದ ಕೆಲಸವಂತೂ ನಡೆಯಿತು. ವರ್ಷವಿಡೀ ಮುದ್ರಣವಾಯಿತು, ಪಂಚಾಂಗಕ್ಕೆ ಹಿಡಿದು ನೋಡಿದರೆ ಒಂದೂ ಬದಲಿಲ್ಲ.

ಆಮೇಲೆ ಸರ್ ನನಗೆ ಹೇಳದೆ ಒಂದು ಸಾಲು ಸೇರಿಸಿದರು. ಅತ್ತಿ ಹುಟ್ಟಿದ್ದು ಶ್ರಾವಣ ಶುದ್ಧ ದ್ವಾದಶಿಯಂದು. ಅವರ ಹುಟ್ಟಿದ ದಿನವನ್ನು ಯಾರೂ ಎಂದೂ ಎಲ್ಲೂ ಬರೆದವರಲ್ಲ, ಆಚರಿಸಿದವರಲ್ಲ. ಆ ಮಾತಿನ ಅಕ್ಷರಗಳನ್ನು ನನ್ನಿಂದಲೇ ಯಾವುದೋ ನೆಪ ಹೇಳಿ ಬರೆಯಿಸಿಕೊಂಡು, ದ್ವಾದಶಿಯ ಮುಂದೆ 'ಅತ್ತಿ ಹುಟ್ಟಿದ ದಿನ' ಎಂದು ಬರುವಂತೆ ಮಾಡಿದರು. ಅತ್ತಿ ಅದನ್ನು ತಾವೇ ಓದಿ ಬೆರಗಾಗಬೇಕೆಂಬ ಆಸೆ. ಆ ಸಾಲನ್ನೂ ಎಲ್ಲ ಸಾಲುಗಳ ಹಾಗೆ ಸೊನ್ನೆಯಿಂದ ಶುರುಮಾಡಬೇಕಿತ್ತು. ಸಾಕಿದವಳ ಹುಟ್ಟುಹಬ್ಬದ ಸಾಲಿಗೆ ಮೊದಲೇ ಸೊನ್ನೆ ಹಚ್ಚಲು ಅವರ ಕೈ ಬರಲಿಲ್ಲ. ಅಪಶಕುನ! ಎರಡು ಮಾತಿನ ಸಾಲು ಎರಡಕ್ಕೇ ಮುಗಿಯುತ್ತದೆ, ಸೊನ್ನೆ ಯಾಕೆ ಬೇಕು ಎಂದುಕೊಂಡು ಬಿಟ್ಟುಬಿಟ್ಟರು. ಹೊಸ ಪ್ರತಿಯನ್ನು ಮತ್ತೆ ನೋಡಲೂ ಇಲ್ಲ, ವರ್ಷದ ತಿಥಿಯೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಉದ್ದನೆಯ ಕಾಗದವನ್ನು ಅತ್ತಿಯ ಕೋಣೆಯ ಗೋಡೆಗೆ ತಾವೇ ಹಚ್ಚಿ, ಇನ್ನು ಮುಂದೆ ಯಾರ ಮಾತನ್ನೂ ಕೇಳಬೇಡ, ನಾನು ಹೇಳಿದರೂ ಕೇಳಬೇಡ, ಇದು ಹೇಳಿದ್ದನ್ನು ಕೇಳು ಎಂದು ಅಪ್ಪಣೆಯನ್ನೂ ಕೊಟ್ಟರು. ಅತ್ತಿ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು, ಬೆರಳಿಟ್ಟು ಓದಿಕೊಂಡು, ಮನೆಯವರಿಗೆಲ್ಲ ತಿಥಿ ಹೇಳತೊಡಗಿದರು.

ಶ್ರಾವಣದ ಆ ದ್ವಾದಶಿಗೆ ಸರ್ ನನ್ನನ್ನೂ ಊಟಕ್ಕೆ ಕರೆದಿದ್ದರು. ಏಕಾದಶಿಯ ಉಪವಾಸ ಬಿಡುವ ದಿನವಾದ್ದರಿಂದ ಅವರಲ್ಲಿ ಊಟ ಬೆಳಿಗ್ಗೆಯೇ; ನಾನು ಹಿಂದಿನ ದಿನ ಶಿಗ್ಗಾವಿಯ ಚಿಕ್ಕವ್ವನ ಮನೆಯಲ್ಲಿ ಉಳಿದು, ಮೊದಲ ಬಸ್ಸಿಗೆ ಸವಣೂರಿಗೆ ಹೋದೆ. ಹೂರಣದ ಹೋಳಿಗೆಯ ವಾಸನೆ ಓಣಿಯ ತುದಿಗೇ ಬರುತ್ತಿತ್ತು. ಮನೆಯೊಳಗೆ ಮಾತ್ರ ಯಾರ ಮುಖದಲ್ಲೂ ಕಳೆಯಿಲ್ಲ. ಅತ್ತಿ ತಮ್ಮ ಕೋಣೆಯಲ್ಲಿ ಗೋಡೆಗೆ ಒರಗಿ ಕೂತು ಜಪ ಮಾಡುತ್ತಿದ್ದರು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ತೀರ್ಥವೂ ಬೇಡ, ಏನೂ ಬೇಡ, ಇವತ್ತೂ ಉಪವಾಸ ಎಂದುಬಿಟ್ಟಿದ್ದರು.

ಗೋಡೆಯ ಕಾಗದ ನೋಡಿದೆ. ನಾನು ಬಿಡಿಸಿದ ದಪ್ಪ ಅಕ್ಷರಗಳಲ್ಲಿ ಸ್ಪಷ್ಟವಾಗಿತ್ತು: ದ್ವಾದಶಿ, ಅತ್ತಿ ಹುಟ್ಟಿದ ದಿನ, ಏಕಾದಶಿ, ಉಪವಾಸ. ಸೊನ್ನೆ ಸಿಗದ ನನ್ನ ಸಿ ಅಲ್ಲಿಗೆ ನಿಲ್ಲದೆ, ಯಾರೂ ತೆಗೆಯದೆ ಬಿಟ್ಟಿದ್ದ ಹಿಂದಿನ ದಿನದ ಎರಡು ಮಾತುಗಳನ್ನೂ ಎತ್ತಿಕೊಂಡು, ಹಿಂದಿನ ದಿನದ ಸೊನ್ನೆಗೆ ಹೋಗಿ ನಿಂತಿತ್ತು. ಬೇರೆ ಯಾರೇ ಆಗಿದ್ದರೂ ಅಚ್ಚಿನ ತಪ್ಪೆಂದು ತಿಳಿಯುತ್ತಿದ್ದರು. ಆದರೆ ಅವರಲ್ಲಿ ಅಪರೂಪಕ್ಕೆ ದ್ವಾದಶಿಯಂದೂ ಉಪವಾಸ ಮುಂದುವರಿಯುವುದುಂಟು, ಅತಿರಿಕ್ತ ಎನ್ನುತ್ತಾರೆ. ಅತ್ತಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಸರ್ ಅವರ ಕೈ ಆಗಲೇ ಧೋತರದ ಅಂಚಿಗೆ ಹೋಗಿತ್ತು. ಪ್ರಿಂಟರು ಹಳೆಯದು ಎಂದರು. ಆ ದಿನ ಕರೆಂಟು ಸರಿ ಇರಲಿಲ್ಲ ಎಂದರು. ಸಿ ಭಾಷೆಯ ಕಡೆಗೂ ಒಂದು ಮಾತು ಎಸೆದರು. ಅತ್ತಿ ಎಲ್ಲವನ್ನೂ ಕೇಳಿಸಿಕೊಂಡು ತಲೆಯಾಡಿಸಿದರು.

"ತಮ್ಮಾ, ಆವತ್ತ ನಿನ್ನ ಹೆಂಡತಿ ದಶಮಿ ಅಂತ ಅವಲಕ್ಕಿ ತಂದ್ಲು. ಇವತ್ತ ನೀ ಹೋಳಿಗಿ ಮಾಡಿಸೀದಿ. ನನ್ನ ಮ್ಯಾಲಿನ ಪ್ರೀತಿಂದನ ಮಾಡ್ತೀರಿ, ನನಗ ಗೊತ್ತದ. ಆದ್ರ ನೀ ಹೇಳಿದ್ರೂ ಕೇಳಬ್ಯಾಡ ಅಂತ ನೀನ ಹೇಳೀದಿ."

ಸರ್ ಹೊರಗೆ ಪಡಸಾಲೆಗೆ ಬಂದರು. ನಿನ್ನೆ ಇಡೀ ದಿನ, ಮೊನ್ನೆ ರಾತ್ರಿಯಿಂದ, ಆ ಜೀವಕ್ಕೆ ನೀರಿಲ್ಲ. ನಾಳೆಯ ಬೆಳಗಿನ ತನಕ ಹೀಗೇ ಕೂತರೆ ಏನಾಗುವುದೆಂದು ಡಾಕ್ಟರು ಹೇಳಿದ್ದು ಮನೆಯಲ್ಲಿ ಎಲ್ಲರಿಗೂ ನೆನಪಿತ್ತು. ಅಡುಗೆಮನೆಯಲ್ಲಿ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಮೆಲ್ಲಗೆ, ಸೊನ್ನೆ ಬಿಟ್ಟುಹೋಗಿದೆ ಸರ್ ಎಂದೆ. ಗೊತ್ತು ಎಂದರು. ನನ್ನ ಮುಖ ನೋಡಲಿಲ್ಲ. ತೀರ್ಥದ ಬಟ್ಟಲು ತೆಗೆದುಕೊಂಡು ಒಳಗೆ ಹೋಗಿ ಅತ್ತಿಯ ಎದುರು ನೆಲದ ಮೇಲೆ ಕೂತರು. ನಾನು ಬಾಗಿಲಲ್ಲೇ ನಿಂತೆ.

"ಅತ್ತಿ, ತಪ್ಪಾಗೇದ" ಎಂದರು. "ಮಷೀನಂದಲ್ಲ, ಆ ಹುಡುಗೀದಲ್ಲ. ತಪ್ಪು ನಂದು. ನಿನ್ನ ಹುಟ್ಟಿದ ದಿನದ ಸಾಲಿಗೆ ಒಂದು ಸೊನ್ನಿ ಹಚ್ಚಬೇಕಿತ್ತು, ನನಗ ಹಚ್ಚಲಿಕ್ಕೆ ಮನಸ್ಸಾಗಲಿಲ್ಲ. ಅದಕ್ಕ ನಿನ್ನಿಂದು ಬಂದು ಇವತ್ತಿಂದಕ್ಕ ಕೂಡೇದ."

ಜಪದ ಮಣಿ ನಿಂತಿತು. ಅತ್ತಿ ಮಂಜುಗಣ್ಣಿನಿಂದ ಅವರ ಮುಖವನ್ನೇ ಹುಡುಕುವವರ ಹಾಗೆ ನೋಡಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಸೊಸೆಯನ್ನು ಕೇಳಿದರು:

"ಇಂವ ತಪ್ಪು ನಂದು ಅಂದದ್ದು ನೀ ಎಂದರ ಕೇಳೀಯೇನು?"

"ಲಗ್ನ ಆದಾಗಿಂದ ಕೇಳಿಲ್ರಿ" ಎಂದು ಒಳಗಿನಿಂದ ಉತ್ತರ ಬಂತು.

"ಇಂವ ಹುಟ್ಟಿದಾಗಿಂದ ನಾನೂ ಕೇಳಿಲ್ಲ" ಎಂದರು ಅತ್ತಿ. "ಹಂಗಾರ ಇದು ಸುಳ್ಳಲ್ಲ. ತೀರ್ಥಾ ಕೊಡು."

ಅಂಗೈ ಚಾಚಿದರು. ಸರ್ ಅವಸರದಲ್ಲಿ ಬಟ್ಟಲನ್ನೇ ಬಗ್ಗಿಸಿದ್ದರಿಂದ ಅರ್ಧ ತೀರ್ಥ ನೆಲಕ್ಕೆ ಬಿತ್ತು. ಉಳಿದದ್ದನ್ನು ಅತ್ತಿ ಕುಡಿದರು, ಮತ್ತೆ ಕೈ ಚಾಚಿದರು.